ನಲವತ್ತನೆಯ ಉಂಡೆ

ಮೂರು ವರ್ಷದ ಹಿಂದಿನ ಮಾತು. ದಸರಾ ಮುಗಿದ ವಾರ. ಕಿಣ್ಣಿ ಸುಲ್ತಾನ ಎಂಬ ಊರಿಗೆ ಸೊಸೆಯಾಗಿ ಬಂದು, ಗಂಡನ ಮನೆಯಲ್ಲಿ ನನ್ನ ಅಡುಗೆ ನೌಕರಿಗೆ ಆಗ ಇಪ್ಪತ್ತೆರಡು ವರ್ಷ. ಹಿಟ್ಟು ನಾದಿ ಮೊದಲ ರೊಟ್ಟಿ ಹಂಚಿಗೆ ಹಾಕಿದ್ದೆ. ಶಾಲೆಯ ಶಬಾನಾ ಟೀಚರ್ ದುರ್ಬೀನು ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದರು.

“ಅಕ್ಕಾ, ನಿಮ್ಮ ಹೊಲದ ಬನ್ನಿ ಗಿಡದ ಮ್ಯಾಲ ಸ್ಟೆಪ್ ಈಗಲ್ ಕುಂತದ್ರಿ! ಹತ್ತು ವರ್ಷದಿಂದ ಹಕ್ಕಿ ನೋಡಾಕತ್ತೇನಿ, ಈ ಕಡಿ ಇದೇ ಮೊದಲು.”

ಚಳಿಗಾಲ ಕಳೆಯಲು ಹಿಮಾಲಯದ ಆಚೆಯಿಂದ ಬರುವ ದೊಡ್ಡ ಹದ್ದು ಅದು. ಬಾಯಿಯ ಹಳದಿ ಅಂಚು ಕಣ್ಣಿನ ಹಿಂದಿನ ತನಕ ಚಾಚಿರುವುದೇ ಗುರುತಂತೆ.

“ಏನ್ ತಿಂತದವ್ವಾ?”

“ಇಲಿ. ಸತ್ತಿದ್ದೂ ಬಿಡಂಗಿಲ್ರಿ.”

ರೊಟ್ಟಿ ಹಂಚಿನ ಮೇಲೇ ಹೊತ್ತಿತು. ತೊಗರಿಗೆ ಇಲಿ ಕಾಟವೆಂದು ಹಿಂದಿನ ದಿನ ಪಾಷಾಣ ಕಲಸಿ ಉಂಡೆ ಕಟ್ಟಿದವಳು ನಾನೇ. ಎಣಿಸಿ ಕಟ್ಟಿದ್ದೆ, ನಲವತ್ತು. ಅಂದು ಬೆಳಿಗ್ಗೆಯಷ್ಟೇ ಮೈದುನ ಮಲ್ಲಣ್ಣ ಅವನ್ನು ಬಿಲಗಳ ಬಾಯಿಗೆ ಇಟ್ಟು ಬಂದಿದ್ದ. ಅದನ್ನು ತಿಂದು ಸತ್ತ ಇಲಿ ಆ ಹಕ್ಕಿಯ ಹೊಟ್ಟೆಗೆ ಹೋದರೆ?

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಕೀಟು ಹಿಡಿದು ಹೊಲಕ್ಕೆ ಹೋದೆ. ಮಲ್ಲಣ್ಣ ಬದುವಿನ ಮೇಲೆ ನಿಂತು ನಕ್ಕ.

“ಏನ್ ವೈನಿ, ಆ ಹಕ್ಕಿ ನಿಮಗ ಬೀಗರೇನು?”

“ಬೀಗರಕಿಂತ ಚಲೋ. ಅವರು ಉಂಡು ಹೆಸರಿಡ್ತಾರ, ಇದು ಇಲಿ ಹಿಡಿತದ.”

“ತೊಗರಿ ಹಾಳಾದರ ಅಣ್ಣಗ ಏನ್ ಹೇಳ್ತೀರಿ?”

“ನಾ ಆರಿಸಿದೆ ಅಂತ ಹೇಳ್ತೇನಿ. ಎಳ್ಳ ಅಮಾಸಿಗಿ ಬಾಯಿದ್ದದ್ದೆಲ್ಲಾ ಉಣ್ಣಲಿ ಅಂತ ಇದೇ ಹೊಲದ ತುಂಬ ಅಡಗಿ ಚೆಲ್ಲಿ ಚರಗ ಮಾಡ್ತೀವಿ. ಅದೇ ಕೈಲೆ ವಿಷ ಉಣಸಂಗಿಲ್ಲ. ಸರಿ ಅತ್ತಾಗ!”

ಬಿಸಿಲು ನೆತ್ತಿಗೇರುವ ಹೊತ್ತಿಗೆ ಮೂವತ್ತೊಂಬತ್ತು ಸಿಕ್ಕವು. ಒಂದಿಲ್ಲ. ಸಾಲು ಸಾಲಾಗಿ ಮತ್ತೊಮ್ಮೆ ಹುಡುಕಿದೆ. ಮೇಲೆ ಹಕ್ಕಿ ಕೊರಳು ತಿರುಗಿಸಿ ನೆಲ ನೋಡುತ್ತಿತ್ತು. ಬಸವಣ್ಣಾ ಎಂದು ನೆಲಕ್ಕೆ ಕುಳಿತೆ.

“ಇನ್ನೇನು ಹುಡುಕ್ತೀರಿ?” ಎಂದ ಮಲ್ಲಣ್ಣ.

“ಇನ್ನೊಂದು. ನಲವತ್ತು ಕಟ್ಟಿದ್ದೆ.”

ತಲೆ ಕೆರೆದುಕೊಂಡ. “ಒಂದು ಡಬ್ಬಿ ತಳಕ್ಕ ಹತ್ತಿತ್ತು. ಯಾರು ಕೆರೀಬೇಕಂತ ಹಂಗೇ ಬಿಟ್ಟೇನ್ರಿ.”

“ಮೊದಲ ಬಾಯಿ ಬಿಡಾಕ ಏನಾಗಿತ್ತಲೇ?”

“ನೀವು ಎಣಿಸೀರಿ ಅಂತ ನನಗೇನ್ ಗೊತ್ತು?”

ಅವನ ಸೋಮಾರಿತನದಲ್ಲೂ ದೇವರ ದಯೆ ಇತ್ತು. ಗುಂಡಿ ಅವನಿಂದಲೇ ತೋಡಿಸಿ ಎಲ್ಲವನ್ನೂ ಹೂಳಿಸಿದೆ. ಆ ವರ್ಷ ಇಲಿಗಳು ಒಂದಿಷ್ಟು ತೊಗರಿ ತಿಂದವು, ಸುಳ್ಳು ಹೇಳುವುದಿಲ್ಲ. ಯಜಮಾನರು ಎರಡು ದಿನ ಮಾತು ಬಿಟ್ಟರು. ಬಿಡಲಿ. ಉಣಿಸುವ ಕೆಲಸದವಳು ತನ್ನ ಕೈಯಿಂದ ಹೊರಟದ್ದು ಯಾರ ಬಾಯಿಯ ತನಕ ಹೋಗುತ್ತದೆಂದು ಕೇಳಿಯೇ ಕೇಳಬೇಕು.

ಅವತ್ತು ಸೋಪಿನಲ್ಲಿ ಮೂರು ಸಲ ಕೈ ತೊಳೆದು ಒಳಗೆ ಬಂದೆ. ಹಿಟ್ಟು ಒಣಗಿ ಬಿರಿದಿತ್ತು. ಬಿಸಿನೀರು ಚಿಮುಕಿಸಿ ಮತ್ತೆ ನಾದಿ, ಎರಡನೆಯ ರೊಟ್ಟಿ ಬಡಿಯಲು ಕುಳಿತೆ.