ಬಸಣ್ಣ ಮಾಮ ಒತ್ತಿದ ಹೊಟ್ಟೆ

ಇವತ್ತು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಯಾರದೋ ಮನೆಯಿಂದ ಉಪ್ಪು, ಮೆಣಸಿನಕಾಯಿ ಸುಟ್ಟ ಘಾಟು ಬಂತು. ಮಗುವಿಗೆ ದೃಷ್ಟಿ ತೆಗೆದಿರಬೇಕು. ಕೆಮ್ಮುತ್ತಲೇ ನಾನು ಮನಸ್ಸಿನಲ್ಲಿ ನಮ್ಮ ಹೆಬ್ಬಗೋಡಿಯ ಹಳೆಯ ವಠಾರಕ್ಕೆ ಹೋಗಿಬಿಟ್ಟೆ.

ಆಗ ನಾನು ಒಂದನೇ ಕ್ಲಾಸು. ಓಡಾಡುತ್ತಾ ಕೊಬ್ಬರಿ ತಿನ್ನುವಾಗ ಒಂದು ಚೂರು ಗಂಟಲಿಗೆ ಸಿಕ್ಕಿತು. ಉಸಿರೇ ಬರಲಿಲ್ಲ. ಪಕ್ಕದ ಮನೆಯ ಬಸಣ್ಣ ಮಾಮ ಓಡಿಬಂದು, ಹಿಂದಿನಿಂದ ತಬ್ಬಿ, ತಾವು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಕಲಿಸಿದ ಹಾಗೆ ಹೊಟ್ಟೆಯನ್ನು ಜೋರಾಗಿ ಒತ್ತಿದರು. ಚೂರು ಹಾರಿ ಅಂಗಳಕ್ಕೆ ಬಿತ್ತು. ಆದರೆ ಅವರಿಗೆ ಕಲಿಸಿದ್ದು ದೊಡ್ಡವರಿಗೆ ಒತ್ತುವ ಬಗೆ.

ಸಂಜೆ ನನಗೆ ಹೊಟ್ಟೆನೋವು, ವಾಂತಿ. "ಎಲ್ರ ಕಣ್ಣೂ ಬಿದ್ದಿದೆ" ಎಂದು ಅಮ್ಮ ದೃಷ್ಟಿ ತೆಗೆದಳು. ಬಾಗಿಲಲ್ಲಿ ನಿಂತಿದ್ದ ಮಾಮ ಬೆವರುತ್ತಿದ್ದರು.

"ದೃಷ್ಟಿ ಅಲ್ರೀ ಅಕ್ಕಾರ, ನಾನೇ ಜೋರ್ ಒತ್ತೀನಿ. ಒಳಗ ಏನರ ಆಗಿದ್ರ? ದವಾಖಾನಿಗೆ ನಡೀರಿ."

"ಸುಮ್ನಿರು ಬಸಣ್ಣ, ಜೀವ ಉಳಿಸ್ದೋನು ನೀನು."

ಮಾಮ ಕೇಳಲಿಲ್ಲ. ನನ್ನನ್ನು ಎತ್ತಿಕೊಂಡು ಆಟೋ ಹತ್ತಿದರು, ಅಮ್ಮನೂ ಹತ್ತಿದಳು.

ಡಾಕ್ಟರ್ ಸ್ಕ್ಯಾನ್ ಮಾಡಿಸಿ, "ಒಳಗೇನೂ ಆಗಿಲ್ಲ, ಮೇಲೆ ಕಂದಿದೆ ಅಷ್ಟೇ. ಹೀಗೆ ಒತ್ತಿದ್ಮೇಲೆ ಮಗೂನ ತೋರಿಸ್ಲೇಬೇಕು. ಕರ್ಕೊಂಡ್ ಬಂದಿದ್ದು ಒಳ್ಳೇದಾಯ್ತು" ಎಂದರು. ಮಾಮ ಬೆಂಚಿನ ಮೇಲೆ ಕುಸಿದು ಕೂತು, "ಏನ್ ಹೊಟ್ಟಿನವ್ವಾ ನಿಂದು, ಕಬ್ಬಿಣದ್ದು!" ಎಂದು ನಗುತ್ತಲೇ ಕಣ್ಣೊರೆಸಿಕೊಂಡರು.

ಇವತ್ತು ಮಧ್ಯಾಹ್ನ ನಮ್ಮ ಆಫೀಸಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇದೆ. ಪ್ರತಿ ಸಲ ಹಿಂದಿನ ಸಾಲಿನಲ್ಲಿ ಕೂತು, ಮಾತಾಡದೆ ಎದ್ದು ಬರುತ್ತಿದ್ದೆ. ಈ ಸಲ ಕೈಯೆತ್ತಿ, ಮಕ್ಕಳಿಗಾದರೆ ಎಷ್ಟು ಮೆಲ್ಲಗೆ ಒತ್ತಬೇಕು ಎಂದು ಕೇಳುತ್ತೇನೆ.