ಬಳೆ ಬಿಚ್ಚಿಸುವ ಮುರಿಗೆವ್ವ

ಉಣಕಲ್ಲಿನ ರೊಟ್ಟಿ ಕಾರ್ಖಾನೆಯಲ್ಲಿ ಮಷಿನ್ನಿಗಿಂತ ಮೊದಲು ತಿರುಗುವುದು ಸೂಪರ್‌ವೈಸರ್ ಮುರಿಗೆವ್ವನ ನಾಲಿಗೆ. "ಉಂಗುರ, ದಾರ, ಬಳಿ ಎಲ್ಲಾ ತಗೀರಿ! ರೊಟ್ಟಿಗೆ ಎಳ್ಳು ಹಚ್ಚೂದು, ಬೆರಳಲ್ಲ." ಸ್ವಿಚ್ ಆರಿಸದೆ ಸಿಕ್ಕಿಕೊಂಡ ಹಿಟ್ಟು ಬಿಡಿಸಲು ಹೋದರೆ ಮಾಲೀಕರ ಕೈಗೂ ಅವಳ ಲಟ್ಟಣಿಗೆಯ ಪೆಟ್ಟು ಖಾತ್ರಿ. ಮೊನ್ನೆ ಹೊಸ ಮದುಮಗಳು ಸೌಮ್ಯಾ ಹಸಿರು ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು. "ತಗದ್ರ ಗಂಡಗ ಕೇಡಂತರಿ, ಅಕ್ಕಾರ." "ಮಷಿನ್ನಿಗೆ ನಿನ್ನ ಗಂಡ ಯಾರಂತ ಗೊತ್ತಿಲ್ಲ ಯವ್ವಾ. ಬಳಿ ಸಿಕ್ಕರ ಕೈನೂ ಎಳಕೊಂತೈತಿ. ಸಂಜಿಗೆ ನಾನ ಇಡಸ್ತೇನಿ, ಕೊಡು." ದಿನಾ ಸಂಜೆ ಮಷಿನ್ನು ನಿಂತೊಡನೆ ಮುತ್ತೈದೆಯರೆಲ್ಲ ನಾ ಮುಂದು ತಾ ಮುಂದು ಎಂದು ಮುರಿಗೆವ್ವನತ್ತ ಕೈ ಚಾಚುತ್ತಾರೆ. ಗಂಡ ತೀರಿಕೊಂಡ ಮೇಲೆ ಯಾವ ಮದುವೆಮನೆಯಲ್ಲೂ ಬಳೆ ಮುಟ್ಟಲು ಯಾರೂ ಬಿಡದ ಮುರಿಗೆವ್ವ, ಇಲ್ಲಿ ಒಬ್ಬೊಬ್ಬರ ಬೆರಳು ಮಡಿಚಿ, ಒಂದೂ ಒಡೆಯದಂತೆ ಬಳೆ ಇಡಿಸುತ್ತಾಳೆ. ಅಂದು ಎಲ್ಲರಿಗಿಂತ ಮುಂದೆ ಬಂದ ಕೈ ಸೌಮ್ಯಾಳದು.