ಬಿಯರ್ ಎತ್ತಿ ಹೇಳಿದ ಮಾತು

…ಅಥವಾ ಬಿಯರಿನ ಆ ಕಟ್ಟಳೆಯನ್ನು ಗೋಚಾ ನನಗೆ ಹೇಳಿದ್ದು ನಾನು ಬರೆದ ಮೇಲೋ — ಮೇಲೆ ಎಂದೇ ಇಷ್ಟು ದಿನ ನಂಬಿಕೊಂಡು ಬಂದಿದ್ದೇನೆ. ಹಾಗೆ ನಂಬುವುದು ನನಗೆ ಅನುಕೂಲ. ಅನುಕೂಲವಾದ ನೆನಪನ್ನು ನಂಬಬೇಡಿ ಎಂದು ಕಂಡಕಂಡವರಿಗೆ ಬೋಧಿಸುವವನೂ ನಾನೇ. ಇರಲಿ. ಮೊದಲೋ ಆಮೇಲೋ, ಇಷ್ಟು ಮಾತ್ರ ಖಚಿತ: ಆ ವಾಕ್ಯ ಬರೆದದ್ದು ನಾನು. ನೋರೀನ್ ಅಲ್ಲ. ಒಬ್ಬ ಮುದುಕನ ಹೆಸರು ಕೆಡಿಸಿ, ಆ ತಪ್ಪನ್ನು ವಯಸ್ಸಾದ ಒಬ್ಬ ಹೆಂಗಸಿನ ತಲೆಗೆ ಕಟ್ಟಿ, ಆಮೇಲೆ — ಇಲ್ಲಿ ಕೈ ನಿಲ್ಲುತ್ತದೆ, ನಿಲ್ಲಲಿ — ಆಮೇಲೆ ಆಕೆಯನ್ನು ಕ್ಷಮಿಸಿದವನೂ ನಾನು.

ನಾನು ಡಬ್ಲಿನ್ನಿನ ಬ್ಲಾಂಚರ್ಡ್ಸ್‌ಟೌನಿನಲ್ಲಿದ್ದೇನೆ. ಹಗಲು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಕೆಲಸ. ಮಿಕ್ಕ ಹೊತ್ತಿನಲ್ಲಿ ಕನ್ನಡದಲ್ಲಿ ಕಥೆ ಬರೆಯುತ್ತೇನೆ. ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ, ಫುಟ್‌ಬಾಲ್ ಮೈದಾನದ ಗೋಡೆಗೆ ಆತುಕೊಂಡಿದ್ದ ಮನೆಯಲ್ಲಿ. ಹಾಗಾಗಿ ಡಬ್ಲಿನ್ನಿಗೆ ಬಂದವನು ಮೊದಲು ಹುಡುಕಿದ್ದು ಮೈದಾನವನ್ನು. ಶನಿವಾರದ ಆಟದಲ್ಲಿ ಗೋಚಾ ಸಿಕ್ಕಿದ. ಮನೆಗಳಿಗೆ ಗಾರೆ ಹಾಕುವ ಕೆಲಸ ಅವನದು. ಊರು ಜಾರ್ಜಿಯಾ — ಕಪ್ಪು ಸಮುದ್ರದ ದಂಡೆಯ ದೇಶ, ಅಮೆರಿಕದ ರಾಜ್ಯವಲ್ಲ. ಅವನು ಆಡುತ್ತಿದ್ದದ್ದು ಕಮ್ಮಿ, ಹೇಳುತ್ತಿದ್ದದ್ದು ಜಾಸ್ತಿ. ಹೇಳುತ್ತಿದ್ದದ್ದೆಲ್ಲ ತನ್ನೂರಿನ ಕ್ಲಬ್ಬಿನ ಕಥೆ.

ಆ ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಅದನ್ನು ಮತ್ತೊಮ್ಮೆ ನನ್ನ ವಾಕ್ಯದಲ್ಲಿ ಕೂರಿಸುವ ಹಕ್ಕು ನನಗಿಲ್ಲ. ಟೀ ಕಾರ್ಖಾನೆಯ ಕೆಲಸಗಾರರು ಕಟ್ಟಿದ ತಂಡ. ಸೋವಿಯತ್ ಕಾಲದಲ್ಲಿ ಕೆಳಗಿನ ದರ್ಜೆಯ ಲೀಗುಗಳಲ್ಲಿ ಏಳುತ್ತ ಬೀಳುತ್ತ ಆಡಿತು. ಜಾರ್ಜಿಯಾದ ಕ್ಲಬ್ಬುಗಳು ಸೋವಿಯತ್ ಲೀಗನ್ನು ಬಿಟ್ಟು ತಮ್ಮದೇ ಲೀಗು ಶುರು ಮಾಡಿದಾಗ ಇದೂ ಹೆಸರು ಬದಲಿಸಿ ಹೊರಬಂತು. ಹಿಂದೆಯೇ ಯುದ್ಧ, ಕತ್ತಲೆ, ಚಳಿ. ಕರೆಂಟಿಲ್ಲ, ಗ್ಯಾಸಿಲ್ಲ, ಆಟಗಾರರು ಅಭ್ಯಾಸಕ್ಕೆ ನಡೆದೇ ಬರುತ್ತಿದ್ದರಂತೆ. ಅಂಥದೊಂದು ಚಳಿಗಾಲದಲ್ಲಿ ಮೈದಾನದ ಮರದ ಗ್ಯಾಲರಿ ಹಲಗೆ ಹಲಗೆಯಾಗಿ ಮಾಯವಾಯಿತು. ವಸಂತಕ್ಕೆ ಲೀಗಿನವರು ಬಂದು ನೋಡಿ, ಪ್ರೇಕ್ಷಕರು ಕೂರಲು ಜಾಗವಿಲ್ಲದ ಮೈದಾನದಲ್ಲಿ ಪಂದ್ಯವಿಲ್ಲ ಎಂದರು. ಕ್ಲಬ್ಬು ಮುಚ್ಚಿತು. ಬಹಳ ವರ್ಷಗಳ ಮೇಲೆ ಯಾರೋ ಹಣವಂತರು ಹಳೆಯ ಲಾಂಛನ ಹುಡುಕಿ ತೆಗೆದು ಮತ್ತೆ ಎಬ್ಬಿಸಿದರು. ಈಗ ಸಂಬಳದ ಆಟಗಾರರ, ಯುರೋಪಿನ ಅರ್ಹತಾ ಪಂದ್ಯಗಳವರೆಗೆ ಬರುವ ಕ್ಲಬ್ಬು.

ಆ ಚಳಿಗಾಲದಲ್ಲಿ ಮೈದಾನದ ಗೇಟಿನ ಕೀಲಿ ಇದ್ದದ್ದು ಓತಾರ್ ಎಂಬವನ ಹತ್ತಿರ. ಹಿಂದೆ ಅದೇ ತಂಡದ ಲೆಫ್ಟ್ ಬ್ಯಾಕ್ ಆಟಗಾರ; ಆಮೇಲೆ ಮೈದಾನದ ಕಾವಲಿನವನು. ಗೋಚಾನ ಅಪ್ಪ.

ನೋಡಿ, ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಈ ಸಲೀಸಿನ ಮೇಲೇ ನನಗೆ ಸಿಟ್ಟು.

ಗೋಚಾ ಈ ಗ್ಯಾಲರಿಯ ಮಾತನ್ನು ನನ್ನೆದುರು ಎರಡು ಸಲ ಆಡಿದ್ದಾನೆ. ಒಮ್ಮೆ ಪಬ್ಬಿನಲ್ಲಿ, ಒಮ್ಮೆ ಅವನ ಮನೆಯಲ್ಲಿ. ಅವನ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತರುತ್ತಿದ್ದೇನೆ. ಅಷ್ಟರಲ್ಲೇ ಒಂದಿಷ್ಟು ಸುಳ್ಳು ಸೇರಿಕೊಳ್ಳುತ್ತದೆ, ತಡೆಯಲಾರೆ.

ಆಟ ಮುಗಿಸಿ ಪಬ್ಬಿನಲ್ಲಿ ಕೂತಿದ್ದೆವು. ಗೋಚಾ ಬಿಯರ್ ಗ್ಲಾಸು ಎತ್ತಿ, ನಾಟಕದವರ ಹಾಗೆ ಎದ್ದುನಿಂತು ಹೇಳಿದ: “ಓತಾರನಿಗೆ! ಗ್ಯಾಲರಿ ಮಾರಿದ ಓತಾರನಿಗೆ! ಊರಿಗೆ ಸೌದೆ ಕೊಟ್ಟು ತನ್ನ ಜೇಬು ಬೆಚ್ಚಗೆ ಮಾಡ್ಕೊಂಡ ನಮ್ಮಪ್ಪನಿಗೆ!” ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ನಗಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮನೆಯಲ್ಲಿ — ಓತಾರ್ ಮಗನ ಜೊತೆ ಇರಲು ಐರ್ಲೆಂಡಿಗೆ ಬಂದಿದ್ದ. ಚೀಸ್ ತುಂಬಿದ ರೊಟ್ಟಿ, ಬದನೆಕಾಯಿ, ವೈನು. ನನ್ನ ಹೆಂಡತಿ ಶೈಲಜಾ, ಮಗಳು ಅದಿತಿ ಇಬ್ಬರೂ ಬಂದಿದ್ದರು. ಗೋಚಾ ವೈನ್ ಎತ್ತಿ ಅಪ್ಪನ ಕಡೆ ತಿರುಗಿ, “ಗೇಟು ತೆಗೆದ ಕೈಗೆ” ಎಂದ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಬೆಂಕಿಯಿಲ್ಲದೆ ಕೂಸುಗಳು ನೀಲಿಗಟ್ಟುತ್ತಿದ್ದವಂತೆ. ಓತಾರ್ ತಾನೇ ಗೇಟು ತೆಗೆದು ಹಲಗೆ ಕಿತ್ತುಕೊಂಡು ಹೋಗಿ ಎಂದನಂತೆ. ಆಮೇಲೆ ಊರು ಅವನನ್ನು ‘ಮಾರಿಕೊಂಡವನು’ ಎಂದಿತು. ಮುದುಕ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

“ಇದನ್ನ ಬಿಯರಲ್ಲಿ ಹೇಳೋ ಹಾಗಿಲ್ಲ ರಘು,” ಎಂದ ಗೋಚಾ. “ಪ್ರೀತಿಯಿದ್ರೆ ವೈನು. ಬಿಯರ್ ಎತ್ತಿ ನಾವು ಹಾರೈಸೋದು ಆಗದವರಿಗೆ. ಪೊಲೀಸಿಗೆ, ರೆಫರಿಗೆ, ಸುಳ್ಳು ಹೇಳೋರಿಗೆ. ಅವರ ಮಾತನ್ನ ಅವರಿಗೇ ವಾಪಸ್ ಕೊಡೋದು.”

“ನಂದು ಆರೆಂಜ್ ಜ್ಯೂಸಪ್ಪಾ, ಕಾರು ಓಡಿಸ್ಬೇಕು. ಇದ್ರಲ್ಲಿ ಯಾರಿಗೆ ಹಾರೈಸಲಿ?” ಎಂದೆ.

“ಜ್ಯೂಸಲ್ಲಾದ್ರೆ ನಿನ್ನ ಹಲ್ಲಿನ ಡಾಕ್ಟರಿಗೆ!”

ಅಂದರೆ ಪಬ್ಬಿನಲ್ಲಿ ಅವನು ಅಪ್ಪನ ಗುಟ್ಟು ಬಿಚ್ಚಿರಲಿಲ್ಲ. ಊರಿನವರ ನಿಂದೆಯನ್ನು ಊರಿನವರ ಮುಖಕ್ಕೆ ಉಗುಳುತ್ತಿದ್ದ. ನಾನು ಅದನ್ನು ಮಗ ಒಪ್ಪಿಕೊಂಡ ಸತ್ಯವೆಂದು ಎತ್ತಿಕೊಂಡೆ. ಪಬ್ಬು ಮೊದಲು, ಬರವಣಿಗೆ ಆಮೇಲೆ, ಅದು ಅಚ್ಚಾಗಿ ಎಲ್ಲ ಮುಗಿದ ಮೇಲೆ ಮನೆಯ ಊಟ — ಇದು ನನ್ನ ನೆನಪಿನ ಕ್ರಮ. ಈ ಕ್ರಮದಲ್ಲಾದರೆ ನಾನು ಬರೀ ದಡ್ಡ. ಊಟವೇ ಮೊದಲಾಗಿದ್ದರೆ ನಾನು ಬೇರೆ ಏನೋ. ಪಬ್ಬಿನ ಕುರ್ಚಿಗಳ ಮೇಲೆ ಒದ್ದೆ ಜಾಕೆಟ್ಟುಗಳಿದ್ದವು, ಅಂದರೆ ಅದು ಚಳಿಗಾಲ ಎಂದು ಸಾಕ್ಷಿ ಹುಡುಕುತ್ತೇನೆ. ಈ ದೇಶದಲ್ಲಿ ಜಾಕೆಟ್ಟು ಒದ್ದೆಯಾಗದ ತಿಂಗಳು ಯಾವುದು?

ಬರೆಯುವ ಸಂದರ್ಭ ಹೀಗೆ ಬಂತು. ಅರ್ಹತಾ ಪಂದ್ಯದಲ್ಲಿ ಗೋಚಾನ ಕ್ಲಬ್ಬಿಗೆ ಎದುರಾಳಿಯಾಗಿ ಸಿಕ್ಕಿದ್ದು ಡಬ್ಲಿನ್ನಿನ ನಮ್ಮ ಕ್ಲಬ್ಬೇ. ಇಲ್ಲಿ ಪಂದ್ಯದ ದಿನ ಗೇಟಿನಲ್ಲಿ ಒಂದು ಪುಸ್ತಿಕೆ ಮಾರುತ್ತಾರೆ; ಅದರಲ್ಲೊಂದು ಪುಟ ಬಂದ ತಂಡದ ಚರಿತ್ರೆಗೆ ಮೀಸಲು. ಪುಸ್ತಿಕೆಯ ಸಂಪಾದಕಿ ನೋರೀನ್, ನಮ್ಮ ಪಕ್ಕದ ಕ್ಯಾಸಲ್‌ನಾಕಿನವರು, ಬಿಡುವಿನಲ್ಲಿ ಮಾಡುವ ಸೇವೆ. ಗಂಡ ಬದುಕಿದ್ದಾಗಿನಿಂದ ಆ ಕೆಲಸ ಅವರದು. ಚರಿತ್ರೆಯ ಪುಟವನ್ನು ನನಗೆ ಬಿಟ್ಟಿದ್ದರು. ನಾನು ಯಾವಾಗಲೂ ಉದ್ದ ಬರೆಯುತ್ತಿದ್ದೆ. ಅವರು ಯಾವಾಗಲೂ ಕತ್ತರಿಸುತ್ತಿದ್ದರು. “ಲವ್ಲಿ ರಘು, ಆದ್ರೆ ಜಾಹೀರಾತಿಗೂ ಜಾಗ ಬೇಕಲ್ಲಪ್ಪಾ” ಎನ್ನುತ್ತಿದ್ದರು.

ಈ ಸಲ ಕತ್ತರಿಸಲು ಏನೂ ಉಳಿಯದ ಹಾಗೆ ಅಳತೆಗೆ ಸರಿಯಾಗಿ ಬರೆದೆ. ಆ ವಾಕ್ಯ ಕೈತಪ್ಪಬಾರದು ಎಂದೇ. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೀಗೆ: ‘ಆ ಚಳಿಗಾಲದಲ್ಲಿ ಕಾವಲುಗಾರ ಓತಾರ್ ಮರದ ಗ್ಯಾಲರಿಯನ್ನು ಸೌದೆಯಾಗಿ ಮಾರಿದ; ತನ್ನವರನ್ನು ಬೆಚ್ಚಗಿಡಲು ಒಂದು ಕ್ಲಬ್ಬು ತನ್ನನ್ನೇ ಸುಟ್ಟುಕೊಂಡಿತು.’ ಎಂಥ ಚೆಂದ! ಥೂ. ಅರ್ಧವಿರಾಮದ ಆಚೆ ಕ್ಲಬ್ಬು, ಈಚೆ ಕಳ್ಳ. ಹೆಸರು ಹಾಕಿದರೆ ಮಾತು ನಿಜದಂತೆ ಕಾಣುತ್ತದೆ ಎಂದು ಹೆಸರನ್ನೂ ಹಾಕಿದೆ. ಕಥೆಗೆ ಆದಿ ಅಂತ್ಯ ಇರಬಾರದು, ಒಡೆದಿರಬೇಕು, ಹೊಂದಿಕೆಯಾಗಬಾರದು ಎಂದು ಭಾಷಣ ಬಿಗಿಯುವ ನಾನು, ಅನ್ನ ತಿಂದ ಮನೆಯ ಮುದುಕನನ್ನು — ಅಥವಾ ಇನ್ನೂ ತಿಂದಿರಲಿಲ್ಲವೋ —

ಶೈಲಜಾ ಓದಿದ್ದಳು. “ಏನ್ರೀ, ಇದು ಗೋಚಾ ಅವ್ರ ಅಪ್ಪ ತಾನೇ? ಅವ್ರನ್ನ ಕೇಳಿ ಹಾಕಿದ್ದೀರಾ?”

“ಕೇಳೋದೇನು? ಅವ್ನೇ ಹೇಳಿದ್ದು.”

“ಒಂದ್ಮಾತು ಕೇಳಿ ಹಾಕ್ಬಿಡಿ ಅಂದೆ, ಅಷ್ಟೇ.”

ಕೇಳಲಿಲ್ಲ. ಕೇಳಿದರೆ ವಾಕ್ಯ ಕೆಡುತ್ತಿತ್ತು.

ಪಂದ್ಯದ ಸಂಜೆ ಬೆಳಕು ಇನ್ನೂ ಗಟ್ಟಿಯಾಗಿತ್ತು. ಗೋಚಾ ಅಪ್ಪನನ್ನು ಕರೆತಂದಿದ್ದ. ಓತಾರನ ಕುತ್ತಿಗೆಯಲ್ಲಿ ಕ್ಲಬ್ಬಿನ ಹಳೆಯ ಹೆಸರಿದ್ದ ಮಫ್ಲರು. ಗೋಚಾ ಅಪ್ಪನಿಗೆ ನೆನಪಿಗಿರಲಿ ಎಂದು ಪುಸ್ತಿಕೆ ಕೊಂಡು, ಸೀಟಿನಲ್ಲಿ ಕೂತು, ತಮ್ಮ ಭಾಷೆಗೆ ತಿರುಗಿಸುತ್ತ ಗಟ್ಟಿಯಾಗಿ ಓದತೊಡಗಿದ. ನಾನು ಎರಡು ಸಾಲು ಹಿಂದೆ, ಶೈಲಜಾಳ ಪಕ್ಕ, ಹೊಗಳಿಕೆಗೆ ಕಾದು ಕೂತಿದ್ದೆ. ಟೀ ಕಾರ್ಖಾನೆಗೆ ಮುದುಕ ತಲೆ ಆಡಿಸಿದ. ಹೊಸ ಲೀಗಿಗೆ ತಲೆ ಆಡಿಸಿದ. ಆಮೇಲೆ ಗೋಚಾ ನಿಲ್ಲಿಸಿದ. ಮುದುಕ ಏನೋ ಕೇಳಿದ. ಗೋಚಾ ಪುಟ ಮಗುಚಿದ. ಮುದುಕ ಅವನ ಕೈ ಹಿಡಿದು ಮತ್ತೆ ಕೇಳಿದ. ಗೋಚಾ ಓದಿದ — ತನ್ನ ಬಾಯಲ್ಲೇ, ಅಪ್ಪನಿಗೆ.

ಓತಾರ್ ಸೀಟಿನಿಂದ ಎದ್ದ. ಹೋಗಲಿಲ್ಲ. ಎದ್ದು ನಿಂತ, ಅಷ್ಟೇ. ಪಂದ್ಯ ಶುರುವಾಯಿತು, ಹಿಂದಿನವರು ಕೂಗಿದರು, ಕಾವಲಿನ ಹುಡುಗಿ ಬಂದು “ಸರ್, ದಯವಿಟ್ಟು ಕೂತ್ಕೊಳ್ಳಿ” ಎಂದಳು. ಅವನಿಗೆ ಕೇಳಿಸಿತು, ಅರ್ಥವೂ ಆಗಿರಬೇಕು. ಕೂರಲಿಲ್ಲ. ಕೊನೆಗೆ ಅವನನ್ನು ಮೆಟ್ಟಿಲ ಪಕ್ಕದ ಕಂಬಿಗೆ ಕರೆದೊಯ್ದರು. ಅಲ್ಲಿ ಪಂದ್ಯ ಮುಗಿಯುವವರೆಗೂ ನಿಂತೇ ಇದ್ದ.

ಮಧ್ಯಂತರದಲ್ಲಿ ಗೋಚಾ ನನ್ನ ಮುಂದೆ ಬಂದ. ಪುಸ್ತಿಕೆ ಸುರುಳಿಯಾಗಿ ಮುಷ್ಟಿಯಲ್ಲಿತ್ತು. “ಇದು ಯಾರು?” ಎಂದ. ಯಾರು ಬರೆದದ್ದು ಎಂದೂ ಕೇಳಲಿಲ್ಲ, ಬರೀ “ಇದು ಯಾರು?”

ನಾನು ಯೋಚಿಸಲಿಲ್ಲ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಎಂದು ಹೇಳಿಕೊಳ್ಳಬಹುದು, ಹೇಳುವುದಿಲ್ಲ. ಧ್ವನಿ ನಡುಗಿರಲಿಲ್ಲ. “ನಾನು ಸರಿಯಾಗೇ ಕೊಟ್ಟಿದ್ದೆ. ನೋರೀನ್ ಕತ್ತರಿಸಿರಬೇಕು.”

ಪಂದ್ಯ ಮುಗಿದ ಮೇಲೆ ಗೋಚಾ ಪುಸ್ತಿಕೆ ಮಾರುವ ಮೇಜಿನೆದುರು, ಎಲ್ಲರ ಮುಂದೆ ಕೂಗಾಡಿದ. “ನಮ್ಮಪ್ಪ ಕಳ್ಳನಾ? ಹೇಳು, ಕಳ್ಳನಾ? ನೀನೇ ಕತ್ತರಿಸಿದ್ದಂತೆ!” ನೋರೀನ್ ಕನ್ನಡಕ ತೆಗೆದು, ಹಾಕಿ, ಪುಟ ನೋಡಿ, ಮತ್ತೆ ನೋಡಿ, “ಅಯ್ಯೋ ದೇವರೇ,” ಎಂದರು. “ನಾನೇ ಕತ್ತರಿಸಿರ್ತೀನಿ. ಯಾವಾಗಲೂ ಕತ್ತರಿಸ್ತೀನಲ್ಲ. ಕ್ಷಮಿಸಪ್ಪಾ, ನಿಮ್ಮಪ್ಪನಿಗೆ ಹೇಳು, ನೋರೀನ್ ಕ್ಷಮೆ ಕೇಳಿದಳು ಅಂತ.”

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ನಾನು ಏನನ್ನ ತೆಗೆದೆ ರಘು? ನನಗೆ ನೆನಪೇ ಆಗ್ತಿಲ್ಲ.”

ಆಗ ನಾನು ಅವರ ಭುಜ ಮುಟ್ಟಿ — ಮುಟ್ಟಿದೆ, ಇದು ಸ್ಪಷ್ಟವಾಗಿ ನೆನಪಿದೆ, ಬೇರೆ ಯಾವುದೂ ಇಷ್ಟು ಸ್ಪಷ್ಟವಿಲ್ಲ — “ಇರಲಿ ಬಿಡಿ ನೋರೀನ್, ಆಗುತ್ತೆ, ಪರವಾಗಿಲ್ಲ, ಇಟ್ಸ್ ಗ್ರ್ಯಾಂಡ್” ಎಂದೆ.

ಮನೆಗೆ ಬರುವ ದಾರಿಯಲ್ಲಿ, ಕಾರಿನಲ್ಲಿ, ಶೈಲಜಾ ಒಂದೇ ಮಾತು ಆಡಿದಳು. “ನೋರೀನ್ ಅವ್ರಾ?” ನಾನು ರಸ್ತೆ ನೋಡುತ್ತ ಓಡಿಸಿದೆ. ಅವಳು ಎರಡನೇ ಸಲ ಕೇಳಿಲ್ಲ.

ಓತಾರ್ ಊರಿಗೆ ಮರಳಿದ. ನೋರೀನ್ ಪುಸ್ತಿಕೆಯ ಕೆಲಸ ಬಿಟ್ಟರು. ವರ್ಷಗಳೇ ಕಳೆದರೂ ಗೋಚಾ ನನ್ನ ಜೊತೆ ಶನಿವಾರ ಆಡುತ್ತಲೇ ಇದ್ದಾನೆ, ನನ್ನನ್ನು ನಂಬಿ. ಈ ವರ್ಷ ಒಂದು ದಿನ ಆ ಕ್ಲಬ್ಬಿನ ಇಂಗ್ಲಿಷ್ ವೆಬ್‌ಸೈಟ್ ತೆರೆದೆ. ಚರಿತ್ರೆಯ ಪುಟದಲ್ಲಿ ನನ್ನ ವಾಕ್ಯ. ಅರ್ಧವಿರಾಮದ ಸಮೇತ. ಊರಿನ ಬಾಯಿಮಾತಾಗಿದ್ದದ್ದು ಈಗ ಚರಿತ್ರೆ. ಓತಾರನ ಮೊಮ್ಮಕ್ಕಳು ಓದುವ ಚರಿತ್ರೆ. ಯಾರು ಕೊಟ್ಟರು ಅವರಿಗೆ? ಯಾರೂ ಕೊಡಬೇಕಾಗಿಲ್ಲ. ಚೆಂದದ ಸುಳ್ಳು ತಾನೇ ನಡೆದುಕೊಂಡು ಹೋಗುತ್ತದೆ.

ಮೊನ್ನೆ ಕ್ಯಾಸಲ್‌ನಾಕಿಗೆ ಹೋಗಿ ನೋರೀನ್‌ಗೆ ನಿಜ ಹೇಳಿದೆ. ಅವರು ಟೀ ಸುರಿಯುತ್ತಿದ್ದವರು ಸುರಿದು ಮುಗಿಸಿದರು.

“ನನ್ನ ತಲೆ ಹೋಗ್ತಿದೆ ಅಂದ್ಕೊಂಡೆ,” ಎಂದರು. “ಅದಕ್ಕೇ ಬಿಟ್ಟದ್ದು. ಡಾಕ್ಟರ ಹತ್ರ ಹೋಗಿ ಗಡಿಯಾರದ ಚಿತ್ರ ಬಿಡಿಸಿ ತೋರಿಸಿ ಬಂದೆ, ಗೊತ್ತಾ ನಿನಗೆ? ಮುಳ್ಳು ಎಲ್ಲಿರಬೇಕು, ಅಂಕಿ ಎಲ್ಲಿರಬೇಕು, ಸ್ಕೂಲ್ ಮಗು ಹಾಗೆ. ಚಿತ್ರ ಸರಿಯಾಗೇ ಬಂತು. ಡಾಕ್ಟರು ಚೆನ್ನಾಗಿದ್ದೀಯ ಅಂದ್ರು. ನಾನು ಡಾಕ್ಟರನ್ನ ನಂಬಲಿಲ್ಲ. ನಿನ್ನನ್ನ ನಂಬಿದೆ.”

ನಾನು ಏನೋ ಹೇಳಹೊರಟೆ.

“ಬೇಡ. ಆ ಹುಡುಗನಿಗೆ ಹೇಳಿದೆಯಾ?”

“ಇಲ್ಲ.”

“ಟೀ ಕುಡಿ. ಕುಡಿದು ಹೊರಡು.”

ಕುಡಿದೆ. ಬಾಯಿ ಸುಟ್ಟಿತು. ಹೊರಟೆ.

ನಾಳೆ ಶನಿವಾರ. ಗೋಚಾನಿಗೆ ಹೇಳುತ್ತೇನೆ. ವಾಕ್ಯ ತೆಗೆಸಲು ಕ್ಲಬ್ಬಿನವರಿಗೂ ನನ್ನ ಹೆಸರಿನಲ್ಲೇ ಹೇಳುತ್ತೇನೆ, ಮುದ್ರಣದೋಷ ಎನ್ನುವುದಿಲ್ಲ. ಗೋಚಾ ಹೊಡೆಯಬಹುದು. ಹೊಡೆಯಲಿ. ಆದರೆ ಅವನು ಕೇಳುವುದು ಒಂದೇ ಪ್ರಶ್ನೆ ಎಂದು ಗೊತ್ತು: ಬರೆಯುವಾಗ ನಿನಗೆ ಗೊತ್ತಿತ್ತಾ? ಅಪ್ಪನ ಮೇಜಿನಲ್ಲಿ ಕೂತು, ಬಿಯರೇನು ವೈನೇನು ಎಂದು ಕೇಳಿಸಿಕೊಂಡ ಮೇಲೆ ಬರೆದೆಯಾ?

ನಿನ್ನೆ ಅದಿತಿಯನ್ನು ಕೇಳಿದೆ. ಫೋನಿನಿಂದ ತಲೆ ಎತ್ತದೆ, ಅವಳ ಡಬ್ಲಿನ್ ಇಂಗ್ಲಿಷಿನಲ್ಲಿ ಹೇಳಿದಳು — ಆ ಊಟದ ದಿನ ನೀನು ಗೋಚಾ ಅಂಕಲ್‌ಗೆ ನಿನ್ನ ಪುಟಕ್ಕೆ ಅಂತ ಏನೇನೋ ಕೇಳ್ತಾ ಇದ್ದೆ ಡ್ಯಾಡ್, ನನಗೆ ಬೋರಾಗಿತ್ತು. ಅವಳು ಆಗ ಚಿಕ್ಕವಳು. ಬೇರೆ ದಿನದ ನೆನಪು ಸೇರಿರಬಹುದು. ಇರಬಹುದು ಎಂದುಕೊಂಡ ಕೂಡಲೇ ನನ್ನ ಮೇಲೆ ಉರಿದುಬಿದ್ದೆ. ಮಗುವಿನ ನೆನಪನ್ನೂ ಕತ್ತರಿಸಹೊರಟೆನಲ್ಲ, ನೋರೀನ್ ಅವರದನ್ನು ಕತ್ತರಿಸಿದ ಹಾಗೆ. ನೆನಪನ್ನು ನಂಬಬಾರದು ಎಂಬುದು ನನ್ನ ಸಿದ್ಧಾಂತವಂತೆ. ಸಿದ್ಧಾಂತವಲ್ಲ ಅದು, ನಾನು ನೇಮಿಸಿಕೊಂಡ ವಕೀಲ.

ಓತಾರ್ ಹಲಗೆ ಮಾರಿದನೋ ಕೊಟ್ಟನೋ, ನಾನು ಅಲ್ಲಿರಲಿಲ್ಲ, ಗೊತ್ತಿಲ್ಲ. ಮೆಟ್ಟಿಲ ಪಕ್ಕ ಕಂಬಿ ಹಿಡಿದು ನಿಂತವನು ಆಟ ನೋಡುತ್ತಿದ್ದನೋ ಇಲ್ಲವೋ, ಗೊತ್ತಿಲ್ಲ. ಆ ವಾಕ್ಯ ಬರೆದಾಗ ನನಗೆ ನಿಜ ಗೊತ್ತಿತ್ತೋ — ಅಲ್ಲಿ ನಾನಿದ್ದೆ, ಬರೆದ ಕೈ ನನ್ನದೇ. ಗೊತ್ತಿಲ್ಲ.